ಕಂಪ್ಯೂಟರಿಗೊಂದು ಕೌದಿ

ಮೊನ್ನೆ ಅಟ್ಟದ ಮೇಲಿನ ಟ್ರಂಕು ತೆಗೆದಾಗ ನುಸಿಗುಳಿಗೆಯ ವಾಸನೆಯ ಜೊತೆ ಒಂದು ಕೌದಿ ಕೈಗೆ ಬಂತು. ಹಳೆಯ ಇಳಕಲ್ ಸೀರೆಯ ತುಂಡು, ಯಾವುದೋ ಲುಂಗಿಯ ಚೌಕಳಿ, ಸುತ್ತಲೂ ಕೆಂಪು ದಾರದ ದಪ್ಪ ಹೊಲಿಗೆ. ಹಾಸೋಣವೆಂದರೆ ಚಿಕ್ಕದು, ಹೊದೆಯೋಣವೆಂದರೆ ನಡುವೆ ಉಬ್ಬು. ಮಗಳು ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ಮಮ್ಮಿ, ಇದು ಯಾವ ಕೂಸಿನ ಕುಂಚಗಿ?" ಎಂದಳು.

"ಕೂಸಿಂದಲ್ಲ, ಕಂಪ್ಯೂಟರಿಂದು" ಎಂದೆ. ಅವಳು ಬಿದ್ದು ಬಿದ್ದು ನಕ್ಕಳು. ನಾನೂ ನಗಲು ಹೋದೆ... ಆಗಲಿಲ್ಲ.

ಅದನ್ನು ಹೊಲಿದವರು ಕೆಳಗಿನ ಮನೆಯ ಕಾಕು. ನಾನು ಮದುವೆಯಾಗಿ ಪುಣೆಯ ನಿಗಡಿಗೆ ಬಂದಾಗ ಆ ಕಟ್ಟಡದಲ್ಲಿ ಕನ್ನಡದ ಮನೆಗಳೆಂದರೆ ಎರಡೇ, ನಮ್ಮದು ಮತ್ತು ಅವರದು. ಅವರ ಗಂಡ, ಕಾಕಾ, ಕುರಕುಂಭದ ಒಂದು ಕಾರ್ಖಾನೆಯ ಸ್ಟೋರಿನಲ್ಲಿ ಕಾರಕೂನರು. ದಿನಾ ಹೋಗಿಬರುವ ದೂರವಲ್ಲ ಅದು. ಕಾರ್ಖಾನೆಗೆ ಹತ್ತಿರದ ದೌಂಡಿನಲ್ಲಿ ಕೋಣೆ ಹಿಡಿದಿದ್ದರು; ಶನಿವಾರ ಸಂಜೆ ಬಂದು ಸೋಮವಾರ ನಸುಕಿಗೆ ಹೊರಡುತ್ತಿದ್ದರು. ಮಕ್ಕಳಿರಲಿಲ್ಲ. ವಾರವಿಡೀ ಕಾಕು ಒಬ್ಬರೇ ಇರುತ್ತಿದ್ದರು, ಆದರೆ ಒಂಟಿ ಅನ್ನಿಸಿಕೊಳ್ಳುವ ಜೀವ ಅದಲ್ಲ. ಕಾಯಿಪಲ್ಲೆಯವನ ಜೊತೆ ಮರಾಠಿಯಲ್ಲಿ ಜಗಳ, ನನ್ನ ಜೊತೆ ಕನ್ನಡದಲ್ಲಿ ಹರಟೆ, ಕಾಕಾ ಸಂಜೆ ದೌಂಡಿನ ಬೂತಿನಿಂದ ನಮ್ಮ ಮನೆಗೆ ಫೋನು ಮಾಡಿದರೆ ಓಡಿ ಬಂದು ನಿಂತಲ್ಲೇ ಅರ್ಧ ಗಂಟೆ ಮಾತು. ಮಾತಿಲ್ಲದೆ ಅವರಿಗೆ ಉಂಡದ್ದು ಮೈಗೆ ಹತ್ತುತ್ತಿರಲಿಲ್ಲ.

ಅಂಥವರ ಕಿವಿ ಹೋಗತೊಡಗಿತು. ಮೊದಲು ಬಲಗಿವಿ, ಆಮೇಲೆ ಎಡಗಿವಿ. ಯಂತ್ರ ಹಾಕಿ ನೋಡಿದರು, ಗದ್ದಲ ಕೇಳುತ್ತಿತ್ತೇ ಹೊರತು ಮಾತು ಕೇಳುತ್ತಿರಲಿಲ್ಲ. ಇನ್ನು ಇಷ್ಟೇ ಎಂದರು ಡಾಕ್ಟರು. ಕಾಕು ತುಟಿ ನೋಡಿ ಮಾತು ಹಿಡಿಯುವುದನ್ನು ತಾವಾಗಿಯೇ ಕಲಿತರು. ಆದರೆ ಅವರಿಗೆ ತುಟಿಯಲ್ಲಿ ಕನ್ನಡ ತಿಳಿಯುತ್ತಿತ್ತು, ಮರಾಠಿ ತಿಳಿಯುತ್ತಿರಲಿಲ್ಲ. ಹೀಗಾಗಿ ಇಡೀ ನಿಗಡಿ ಅವರ ಪಾಲಿಗೆ ಮೂಕವಾಯಿತು. ಕಾಯಿಪಲ್ಲೆಯವನ ಜೊತೆಗಿನ ಜಗಳವೂ ನಿಂತುಹೋಯಿತು. ಉಳಿದದ್ದು ನನ್ನ ತುಟಿ, ಕಾಕಾನ ತುಟಿ.

ಕಾಕಾನಿಗೆ ಪೊದೆಯಂಥ ಮೀಸೆಯಿತ್ತು. ಒಂದು ಭಾನುವಾರ ನೋಡಿದರೆ ಮೀಸೆಯೇ ಇಲ್ಲ! ನಮ್ಮ ಕಡೆ ಗಂಡಸು ಮೀಸೆ ತೆಗೆದನೆಂದರೆ ಮನೆಯಲ್ಲಿ ಹಿರಿಯರು ಯಾರೋ ಹೋದರೆಂದು ಅರ್ಥ. ನನ್ನ ಗಂಡ ಗಾಬರಿಯಾಗಿ ಕೆಳಗೆ ಓಡಿದರು.

"ಕಾಕಾ, ಯಾರ ಹೋದ್ರಿ?"

"ಯಾರೂ ಹೋಗಿಲ್ಲೋ ಮಾರಾಯಾ" ಎಂದರು ಕಾಕಾ, ಬೋಳು ತುಟಿಯನ್ನು ಸವರಿಕೊಳ್ಳುತ್ತ. "ಆಕಿಗೆ ನನ್ನ ತುಟಿ ಕಾಣವಲ್ದಾಗಿತ್ತು. ತಗಿಸಿಬಿಟ್ಟೆ."

ಶನಿವಾರ, ಭಾನುವಾರಗಳಿಗೆ ಉಪಾಯವೇನೋ ಆಯಿತು. ಉಳಿದ ವಾರಕ್ಕೆ? ಫೋನು ಕಾಕೂಗೆ ದಂಡವಾಗಿತ್ತು. ಕಾಗದ ಬರೆದರೆ ಅದು ಬಂದು ಮುಟ್ಟುವಷ್ಟರಲ್ಲಿ ಬರೆದವರೇ ಬಂದು ಕೂತಿರುತ್ತಿದ್ದರು. ಕಾಕು ದಿನದಿಂದ ದಿನಕ್ಕೆ ಮಂಕಾದರು. ಒಮ್ಮೆ ನನ್ನ ಗದ್ದ ಹಿಡಿದು ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ. "ನೀ ಇಲ್ಲಿ ಬಾಯಿ ತೆರದರ ನನಗ ಕಾಣತದ ತಂಗಿ. ಅವರು ದೌಂಡಿನ್ಯಾಗ ಬಾಯಿ ತೆರದರ ಹ್ಯಾಂಗ ಕಾಣಬೇಕು?"

ಆ ದಿನಗಳಲ್ಲಿ ಸೈಬರ್ ಕೆಫೆಗಳು ಅಣಬೆಯಂತೆ ಏಳುತ್ತಿದ್ದವು. ದೌಂಡಿನಲ್ಲೂ ಒಂದು ತೆರೆದಿತ್ತು. ನಾನು ಆಗಷ್ಟೇ ಕಂಪ್ಯೂಟರ್ ಕ್ಲಾಸು ಮುಗಿಸಿ, ಕೆಲಸ ಸಿಗದೆ, ಕಂಡಕಂಡವರಿಗೆ ಬುದ್ಧಿ ಹೇಳುತ್ತ ಕೂತಿದ್ದೆ. ಇಮೇಲ್ ಎಂಬುದೊಂದಿದೆ, ಮಾತು ಬರೆದ ಗಳಿಗೆಗೇ ಮುಟ್ಟುತ್ತದೆ ಎಂದು ನಾನೇ ಹೇಳಿದ್ದು. ಕಾಕಾ ಒಂದು ವಾರ ಯೋಚಿಸಿ, ಮುಂದಿನ ಭಾನುವಾರ ಪೇಪರಿನ ಜಾಹೀರಾತುಗಳನ್ನೆಲ್ಲ ಕತ್ತರಿಸಿಕೊಂಡು ಬಂದರು. "ನಡಿ ತಂಗಿ, ಆರಿಸೋಣು."

ಅಂಗಡಿಯಲ್ಲಿ ನನ್ನ ಪಾಂಡಿತ್ಯವನ್ನೆಲ್ಲ ಬಿಚ್ಚಿದೆ. ಕಂಪನಿಯ ಮಾಲೋ, ಬಿಡಿಭಾಗ ಕೂಡಿಸಿದ ಮಾಲೋ, ಹಾರ್ಡ್ ಡಿಸ್ಕ್ ಎಷ್ಟು ದೊಡ್ಡದು... ಕಾಕಾನಿಗೆ ಅದೊಂದೂ ಬೇಕಿರಲಿಲ್ಲ. ಅಕ್ಷರ ದೊಡ್ಡದಾಗಿ ಕಾಣಬೇಕು, ಅಷ್ಟೇ. ಅಂಗಡಿಯ ಅತಿ ದೊಡ್ಡ ಮಾನಿಟರಿನ ಮುಂದೆ ಕಾಕೂನ ಕೂಡಿಸಿ, ಕಾಣುತ್ತದೆಯೇ ಎಂದು ತುಟಿಯಲ್ಲೇ ಕೇಳಿದರು. ಕಾಕು ತಲೆ ಆಡಿಸಿದರು. ಬಿಲ್ಲು ಬರೆಯುವಾಗ ಅಂಗಡಿಯವನು ಎರಡು ಸ್ಪೀಕರುಗಳನ್ನು ಮುಂದಿಟ್ಟ. "ಹೇ ಫ್ರೀ ಆಹೇತ್ ಕಾಕಾ, ಘ್ಯಾ ನಾ."

"ನಕೋ" ಎಂದರು ಕಾಕಾ. ಪುಕ್ಕಟೆ ಬಂದದ್ದನ್ನು ಬೇಡ ಎನ್ನುವ ಗಿರಾಕಿಯನ್ನು ಅವನು ಕಂಡಿರಲಿಲ್ಲ. ಮತ್ತೆ ಮತ್ತೆ ಒತ್ತಾಯ ಮಾಡಿದ. ಕಾಕಾ ಕೊನೆಗೆ ಮೆಲ್ಲಗೆ, "ಐಕಣಾರ್ ಕೋಣ್?" ಎಂದರು. ಕೇಳುವವರು ಯಾರು? ಪಕ್ಕದಲ್ಲೇ ಕೂತಿದ್ದ ಕಾಕು ಹೊಸ ಕೀಬೋರ್ಡನ್ನು ಸವರುತ್ತ ನಗುತ್ತಿದ್ದರು. ಮಾತು ಮರಾಠಿಯಲ್ಲಿತ್ತು, ಅವರಿಗೆ ತಿಳಿಯಲಿಲ್ಲ.

ಇಂಟರ್ನೆಟ್ಟಿಗಾಗಿ ಫೋನಿನ ಲೈನೂ ಬಂತು. ಕಿವುಡಿಯ ಮನೆಗೆ ಫೋನಂತೆ ಎಂದು ಕಟ್ಟಡದವರೆಲ್ಲ ಹಲ್ಲು ಬಿಟ್ಟರು. ನಾನು ಮೋಡೆಮ್ ಜೋಡಿಸಿ ಮೊದಲ ಸಲ ಡಯಲ್ ಮಾಡಿದಾಗ ಅದು ಕಿರ್ರೋ ಎಂದು ಕಿರುಚಿತು. ನಾನು ಕಿವಿ ಮುಚ್ಚಿಕೊಂಡೆ. "ಯಾಕ ವಾ?" ಎಂದರು ಕಾಕು. ಒದರಾಕತ್ತದ ಎಂದು ತುಟಿ ಆಡಿಸಿದೆ. "ಒದರಲಿ ಬಿಡು, ನನಗೇನ ತ್ರಾಸಿಲ್ಲ" ಎಂದು ಮೋಡೆಮಿನ ಮೇಲೆ ಮಿನುಗುವ ಕೆಂಪು ದೀಪಗಳನ್ನೇ ನೋಡುತ್ತ ಕೂತರು. ಧೂಳು ಕೂಡಬಾರದೆಂದು ಮಾನಿಟರಿಗೆ ಈ ಕೌದಿ ಹೊಲಿದದ್ದು ಅದೇ ವಾರ. ತಮ್ಮ ಸೀರೆ, ಕಾಕಾನ ಲುಂಗಿ ಸೇರಿಸಿ ಹೊಲಿದಿದ್ದರು.

ತೊಡಕು ಬೇರೆಲ್ಲೋ ಇತ್ತು. ಇಮೇಲ್ ವಿಳಾಸದಲ್ಲಿ ಕಾಕಾನ ಹೆಸರಿತ್ತು! ಕಾಕು ಕೈ ಹಿಂದೆಳೆದುಕೊಂಡರು. ಗಂಡನ ಹೆಸರನ್ನು ಬಾಯಲ್ಲಿ ಆಡಿದವರಲ್ಲ, ಕೈಯಲ್ಲಿ ಒತ್ತುವುದೇ? ಇಂಗ್ಲಿಷಿನಲ್ಲಿ ಬರೆದರೆ ದೋಷವಿಲ್ಲ ಎಂದು ನಾನು ಬಾಯಿಗೆ ಬಂದ ಶಾಸ್ತ್ರ ಹೇಳಿದೆ. "ದೇವರಿಗೆ ಇಂಗ್ಲಿಷ್ ಬರೂದಿಲ್ಲೇನ?" ಎಂದರು. ಕೊನೆಗೆ ವಿಳಾಸವನ್ನು ನಾನೇ ತುಂಬಿ, ಅದಕ್ಕೆ 'ಅವರು' ಎಂದು ಹೆಸರು ಕೊಟ್ಟೆ. ಕಾಕು 'ಅವರು' ಒತ್ತಿದರೆ ಸಾಕು, ದೌಂಡಿಗೆ ಮುಟ್ಟುತ್ತಿತ್ತು. ಅವರೇ ಬರೆಯದ ಹೆಸರನ್ನು ನಾನೂ ಇಲ್ಲಿ ಬರೆಯುವುದಿಲ್ಲ.

ಯಂತ್ರ ಮಿಸುಕದೆ ನಿಂತುಬಿಟ್ಟರೆ ಅದಕ್ಕೆ ಹ್ಯಾಂಗ್ ಆಗುವುದು ಎನ್ನುತ್ತಾರೆ, ಆಗ ಗೋಡೆಯ ಸ್ವಿಚ್ ಬಂದ್ ಮಾಡಿ ಮತ್ತೆ ಚಾಲೂ ಮಾಡಬೇಕು ಎಂದು ಕಲಿಸಿದ್ದೆ. ಆ ನಾಲ್ಕು ಇಂಗ್ಲಿಷ್ ಅಕ್ಷರಗಳನ್ನು ಚೀಟಿಯಲ್ಲಿ ಬರೆದು ತೋರಿಸಿಯೂ ಇದ್ದೆ. ಮರುದಿನ ಸಂಜೆ ಕಾಕಾನ ಮೊದಲ ಪತ್ರ ಬಂತು. ಕನ್ನಡದ ಮಾತು, ಇಂಗ್ಲಿಷ್ ಅಕ್ಷರ. ಕಾಕು ಕನ್ನಡಕ ಏರಿಸಿ, ಬೆರಳಿಟ್ಟು ಒಂದೊಂದೇ ಅಕ್ಷರ ಓದಿದರು: ಎಚ್, ಎ, ಎನ್, ಜಿ... ಮುಖ ಬಿಳಿಚಿತು. ಎದ್ದವರೇ ಗೋಡೆಯ ಸ್ವಿಚ್ ಬಂದ್ ಮಾಡಿಬಿಟ್ಟರು! ಪರದೆ ಕಪ್ಪಾಯಿತು.

"ಏನ್ ಮಾಡಿದ್ರಿ ಕಾಕು!"

"ಹ್ಯಾಂಗ್ ಅಂತ ಬರದಿತ್ತಲ್ಲ! ನೀನಽ ಹೇಳಿದ್ದಿ!"

ಕಾಕಾ ಬರೆದದ್ದು "ಹ್ಯಾಂಗ ಅದಿ?" ಎಂದು. ಹೇಗಿದ್ದೀ ಎಂದು. ತಿಳಿದ ಮೇಲೆ ಕಾಕು ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು, ನಗುನಗುತ್ತ ಅತ್ತರು. ಎಷ್ಟೋ ತಿಂಗಳ ಮೇಲೆ ಕಂಡ ನಗು ಅದು. ಮತ್ತೆ ಡಯಲ್ ಮಾಡಿ ಕೊಟ್ಟೆ. ಅಕ್ಷರ ಹುಡುಕಿ ಹುಡುಕಿ ಅವರು ಉತ್ತರ ಒತ್ತಿದರು. ಒಂದೇ ಶಬ್ದ: ಚಾಲೂ.

ಅಂದಿನಿಂದ ಅವರಿಬ್ಬರ ನಡುವೆ ಅದೇ ನಮಸ್ಕಾರವಾಯಿತು. ಅವರು ಹ್ಯಾಂಗ ಎಂದು ಕೇಳುವುದು, ಇವರು ಚಾಲೂ ಎನ್ನುವುದು. ಆಮೇಲೆ ಪತ್ರಗಳು ಉದ್ದವಾದವು. ಕಾಯಿಪಲ್ಲೆಯವನ ಮೇಲಿನ ದೂರುಗಳು ದೌಂಡಿಗೆ ಹೋಗತೊಡಗಿದವು. ಕಾಕು ಮೊದಲಿನ ಕಾಕು ಆದರು.

ಕಾಕಾ ನಿವೃತ್ತರಾಗಿ ಮನೆಗೆ ಬಂದಾಗ ಅವರ ಹಲ್ಲುಗಳು ಬಿದ್ದು ತುಟಿ ಒಳಗೆ ಹೋಗಿತ್ತು, ಕಾಕೂನ ಕಣ್ಣು ಮಬ್ಬಾಗಿತ್ತು. ಉದ್ದ ಮಾತು ತುಟಿಯಲ್ಲಿ ಹಿಡಿಯಲು ಆಗುತ್ತಿರಲಿಲ್ಲ. ಆಗೇನು ಮಾಡಿದರು ಗೊತ್ತೇ? ಕಂಪ್ಯೂಟರಿನ ಮುಂದೆ ಎರಡು ಕುರ್ಚಿ ಹಾಕಿ ಕೂತು, ದೊಡ್ಡ ದೊಡ್ಡ ಅಕ್ಷರ ಮಾಡಿ, ಒಂದೇ ಕೀಬೋರ್ಡನ್ನು ಅತ್ತ ಇತ್ತ ಸರಿಸುತ್ತ ಮಾತಾಡಿದರು. ಅವರು ಒಂದು ಸಾಲು, ಇವರು ಒಂದು ಸಾಲು. ನಾನು ಹೋದರೆ ಕಾಕು ಪರದೆಗೆ ಕೌದಿ ಹೊಚ್ಚಿಬಿಡುತ್ತಿದ್ದರು. ಗಂಡ ಹೆಂಡಿರ ಮಾತು ನಿನಗ್ಯಾಕ ಎಂಬಂತೆ ಹುಬ್ಬು ಏರಿಸುತ್ತಿದ್ದರು.

ಒಂದು ಮಳೆಗಾಲದಲ್ಲಿ ಕಾಕೂಗೆ ಜ್ವರ ಎದೆಗಿಳಿಯಿತು. ಆಸ್ಪತ್ರೆಯಲ್ಲಿ ಗಾಜಿನ ಬಾಗಿಲಿನ ಕೋಣೆಗೆ ಹಾಕಿದರು. ಒಳಗಿನ ನರ್ಸುಗಳ ಬಾಯಿಗೆ ಬಟ್ಟೆ. ಕಾಕು ಯಾರ ಮಾತೂ ತಿಳಿಯದೆ ಕಂಗಾಲಾಗಿದ್ದರು. ಕಾಕಾ ಗಾಜಿಗೆ ಮುಖ ಒತ್ತಿ ನಿಂತು, ತುಟಿಯನ್ನು ಅಗಲ ಮಾಡಿ, ಹ್ಯಾಂಗ ಅದಿ ಎಂದು ಕೇಳಿದರು. ಕಾಕು ಮಲಗಿದಲ್ಲಿಂದಲೇ ಚಾಲೂ ಎಂದು ತುಟಿ ಆಡಿಸಿದರು. ಗಾಜಿನ ಹೊರಗೆ ಸಾಲಾಗಿ ನಿಂತ ರೋಗಿಗಳ ನೆಂಟರಲ್ಲಿ ಒಳಗಿನವರ ಜೊತೆ ಮಾತಾಡಲು ಬಂದದ್ದು ಕಾಕಾ ಒಬ್ಬರಿಗೇ. ದಿನಾ ಹಾಗೇ ನಡೆಯಿತು. ಆಮೇಲೆ ಒಂದು ಬೆಳಗ್ಗೆ ಕಾಕಾ ಕೇಳಿದರು... ಕೇಳುತ್ತಲೇ ನಿಂತಿದ್ದರು.

ಕಾಕು ಹೋಗಿ ತಿಂಗಳಾದ ಮೇಲೆ ಒಂದು ದಿನ ಕೆಳಗೆ ಹೋದೆ. ಎರಡೂ ಕುರ್ಚಿ ಇದ್ದವು. ಕಾಕಾ ತಮ್ಮದರಲ್ಲಿ ಕೂತಿದ್ದರು, ಕಂಪ್ಯೂಟರಿನ ಮೇಲೆ ಕೌದಿ ಹಾಗೇ ಇತ್ತು. ಅವರ ಮೀಸೆ ಬೆಳೆದು ತುಟಿಯ ಮೇಲೆ ಇಳಿದಿತ್ತು. ಬೋಳಿಸಲು ಇನ್ನು ಕಾರಣವಿರಲಿಲ್ಲ. ಬಾಯಿ ತಪ್ಪಿ, ರೂಢಿಯಂತೆ ಕೇಳಿಬಿಟ್ಟೆ: "ಹ್ಯಾಂಗ ಅದೀರಿ ಕಾಕಾ?"

ಅವರು ಕೌದಿಯ ಅಂಚನ್ನು ನೇರ ಮಾಡಿದರು. "ಹ್ಯಾಂಗ್ ಆಗೇನಿ ತಂಗಿ" ಎಂದರು. "ಸ್ವಿಚ್ ಎಲ್ಲದ ಗೊತ್ತಾಗವಲ್ದು."

ಸೊಲ್ಲಾಪುರದ ತಮ್ಮನ ಮನೆಗೆ ಹೊರಟಾಗ ಕಂಪ್ಯೂಟರನ್ನು ಗುಜರಿಯವನಿಗೆ ಕೊಟ್ಟರು, ಕೌದಿಯನ್ನು ನನ್ನ ಕೈಗಿಟ್ಟರು. ಈಗ ಅವರೂ ಇಲ್ಲ.

ಮಗಳು ಕೌದಿಯನ್ನು ಮಡಚುತ್ತಿದ್ದಾಗ ಊರಿನಿಂದ ತಂಗಿಯ ಸಂದೇಶ ಮೊಬೈಲಿಗೆ ಬಂತು. ಅವಳೂ ಇಂಗ್ಲಿಷ್ ಅಕ್ಷರದಲ್ಲೇ ಬರೆಯುತ್ತಾಳೆ: ಎಚ್, ಎ, ಎನ್, ಜಿ. ಹ್ಯಾಂಗ ಅದಿ? ನನ್ನ ಬೆರಳು ತಾನಾಗಿಯೇ ಚಾಲೂ ಎಂದು ಒತ್ತಿತು. ಸ್ವಲ್ಪ ಹೊತ್ತು ನೋಡಿದೆ. ಆ ಶಬ್ದ ನನ್ನದಲ್ಲ. ಅಳಿಸಿ, ಆರಾಮ ಅದೀನಿ ಎಂದು ಬರೆದು ಕಳಿಸಿದೆ.