ಮೂರನೆಯವರ ಹುಡುಕಾಟ

ನನಗೆ ಮಾತು ಕಡಿಮೆ. ಇದನ್ನು ಗುಣ ಎಂದುಕೊಳ್ಳಬೇಡಿ. ಒಂದು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ಮುಗಿಸುವಷ್ಟರಲ್ಲಿ ಎದುರಿನವರು ಮುಂದಿನ ವಿಷಯಕ್ಕೆ ಹೋಗಿರುತ್ತಾರೆ, ಅಷ್ಟೆ. ಆದರೆ ಸುಮ್ಮನಿರುವವರನ್ನು ಜನ ಖಾಲಿ ಬಿಡುವುದಿಲ್ಲ. ತಮ್ಮ ಅಭಿಪ್ರಾಯವನ್ನೇ ಅವರೊಳಗೆ ತುಂಬಿಟ್ಟು, ಆಮೇಲೆ ಬಂದು ನೋಡಿ ಸಂತೋಷಪಡುತ್ತಾರೆ. ಹೋದ ಸುಗ್ಗಿಯಲ್ಲಿ ನಾನು ಪಂಚರಲ್ಲಿ ಒಬ್ಬಳಾದದ್ದು ಹೀಗೆ.

ನಾನಿರುವುದು ದಾವಣಗೆರೆಯ ವಿದ್ಯಾನಗರದಲ್ಲಿ. ಕಾನೂನು ಪಾಠ ಹೇಳುವುದು ಕಸುಬು. ವರ್ಷಕ್ಕೊಮ್ಮೆ ಮಧ್ಯಸ್ಥಿಕೆಯ ಪಾಠ ಬಂದಾಗ ಬೋರ್ಡಿನ ಮೇಲೆ ಬರೆಯುತ್ತೇನೆ: ಮೂವರು ಮಧ್ಯಸ್ಥರು ಬೇಕಾದರೆ ಆ ಪಕ್ಷದವರು ಒಬ್ಬರನ್ನು, ಈ ಪಕ್ಷದವರು ಒಬ್ಬರನ್ನು ಆರಿಸುತ್ತಾರೆ, ಆ ಇಬ್ಬರು ಸೇರಿ ಮೂರನೆಯವರನ್ನು ಆರಿಸುತ್ತಾರೆ. ವಿದ್ಯಾರ್ಥಿಗಳು ತಲೆ ಬಗ್ಗಿಸಿ ಬರೆದುಕೊಳ್ಳುತ್ತಾರೆ. ಇಷ್ಟು ಸುಲಭವಾಗಿ ಒಂದು ಹೆಸರಿಗೆ ಒಪ್ಪುವವರು ಜಗಳವಾಡಿದ್ದಾದರೂ ಯಾಕೆ ಎಂದು ಈವರೆಗೆ ಒಬ್ಬರೂ ಕೇಳಿಲ್ಲ.

ಜಗಳ ನಮ್ಮ ಮನೆಯದೇ. ಮಲೆಬೆನ್ನೂರಿನ ಹತ್ತಿರದ ನಮ್ಮೂರಿನಲ್ಲಿ ರಸ್ತೆಗೆ ತಾಗಿ ಚಿಕ್ಕಪ್ಪನ ಗದ್ದೆ, ಅದರ ಹಿಂದೆ ದೊಡ್ಡಪ್ಪನದು. ಪ್ರತಿ ಸಲ ಇಬ್ಬರೂ ಒಂದೇ ವಾರದಲ್ಲಿ ನಾಟಿ ಮಾಡುತ್ತಿದ್ದರು. ಕಟಾವು ಯಂತ್ರ ಬಂದು ಮುಂದಿನ ಗದ್ದೆ ಕೊಯ್ದು, ಅದರ ಕೂಳೆಯ ಮೇಲೆ ಹಾದು ಹಿಂದಿನ ಗದ್ದೆಗೆ ಹೋಗುತ್ತಿತ್ತು. ಹಾಗಾಗಿ ದಾರಿ ಎಂಬುದೊಂದು ಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಈ ಸಲ ಚಿಕ್ಕಪ್ಪನ ಸಸಿಮಡಿ ಕೆಟ್ಟು ನಾಟಿ ತಡವಾಯಿತು. ದೊಡ್ಡಪ್ಪನ ಭತ್ತ ಬಾಗಿ, ಮುಟ್ಟಿದರೆ ಕಾಳು ಉದುರುವಂತಾದಾಗ ಚಿಕ್ಕಪ್ಪನ ಪೈರು ಇನ್ನೂ ಹಚ್ಚ ಹಸಿರು. ಯಂತ್ರ ಊರಿಗೆ ಬರುವುದು ಗುರುವಾರ. ಅಂದು ತಪ್ಪಿದರೆ ಅದು ಬೇರೆ ಊರುಗಳನ್ನು ಮುಗಿಸಿಕೊಂಡು ಬರುವಷ್ಟರಲ್ಲಿ ದೊಡ್ಡಪ್ಪನ ಬೆಳೆ ನೆಲದ ಪಾಲು. ಅಂದೇ ಹಾಯ್ದರೆ ಚಿಕ್ಕಪ್ಪನ ಪೈರು ಮಣ್ಣುಪಾಲು.

"ನಿನ್ ಸಸಿ ಕೆಟ್ರೆ ನನ್ ಭತ್ತ ಏನ್ ಮಾಡೀತೋ?" ಎಂದನಂತೆ ದೊಡ್ಡಪ್ಪ.

"ಹಾರಿಸ್ಕಂಡು ಹೋಗು ನಿನ್ ಮಷಿನ್ನ. ಮ್ಯಾಲೆ ಹೋಗಾಕೆ ಯಾರು ಬ್ಯಾಡ ಅಂದಾರೆ?" ಎಂದನಂತೆ ಚಿಕ್ಕಪ್ಪ.

ಪಂಚರನ್ನು ಕೂಡಿಸುವುದೆಂದಾಯಿತು. ದೊಡ್ಡಪ್ಪ ತನ್ನ ಕಡೆಯಿಂದ ನಿವೃತ್ತ ಮೇಷ್ಟ್ರನ್ನು ಹೇಳಿದ. ಚಿಕ್ಕಪ್ಪ ಟ್ರ್ಯಾಕ್ಟರ್ ರುದ್ರಪ್ಪನನ್ನು ಹೇಳಿದ. ಮೂರನೆಯವರನ್ನು ಆರಿಸಲು ಇವರಿಬ್ಬರೂ ಒಂದು ಮಧ್ಯಾಹ್ನವಿಡೀ ಕೂತರು. ಒಬ್ಬ ದೊಡ್ಡಪ್ಪನ ಬೀಗರ ಪೈಕಿ, ಬೇಡ. ಇನ್ನೊಬ್ಬ ಹಬ್ಬದ ಫ್ಲೆಕ್ಸಿನಲ್ಲಿ ಚಿಕ್ಕಪ್ಪನ ಪಕ್ಕ ನಿಂತಿದ್ದಾನೆ, ಬೇಡ. ಮತ್ತೊಬ್ಬ ದೊಡ್ಡಪ್ಪನ ಮನೆಯ ಗೃಹಪ್ರವೇಶಕ್ಕೆ ತಾನೇ ಬಂದು, ಚಿಕ್ಕಪ್ಪನ ಮೊಮ್ಮಗುವಿನ ನಾಮಕರಣಕ್ಕೆ ಹೆಂಡತಿಯನ್ನು ಮಾತ್ರ ಕಳಿಸಿದ್ದ. ಅವನಂತೂ ಬೇಡವೇ ಬೇಡ.

ಅಮೆರಿಕದಲ್ಲಿ ವಕೀಲರು ಜ್ಯೂರಿಗೆ ಬಂದವರನ್ನು ಒಬ್ಬೊಬ್ಬರಾಗಿ ನಿಲ್ಲಿಸಿ ಇಂಥದೇ ಪ್ರಶ್ನೆ ಕೇಳುತ್ತಾರೆ. ಅವರು ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿಕೊಂಡಿದ್ದಾರೆ. ನಮ್ಮೂರಿನವರಿಗೆ ಅದು ಊಟದಷ್ಟು ಸಹಜ. ಪುರಾತನ ಅಥೆನ್ಸಿನವರು ಈ ತಲೆನೋವೇ ಬೇಡವೆಂದು, ಕಲ್ಲಿನ ಹಲಗೆಯ ಸೀಳುಗಳಲ್ಲಿ ಹೆಸರಿನ ಬಿಲ್ಲೆಗಳನ್ನು ಸಿಕ್ಕಿಸಿ, ಕೊಳವೆಯಿಂದ ಕರಿ ಬಿಳಿ ಗುಂಡು ಉರುಳಿಸಿ ಚೀಟಿ ಎತ್ತಿದ ಹಾಗೆ ಆರಿಸುತ್ತಿದ್ದರು. ನಮ್ಮ ದೇಶವೂ ಒಂದು ಕಾಲದಲ್ಲಿ ಜ್ಯೂರಿ ಇಟ್ಟುಕೊಂಡಿತ್ತು, ಆಮೇಲೆ ಬಿಟ್ಟುಬಿಟ್ಟಿತು. ಈಗ ದೊಡ್ಡ ನ್ಯಾಯಾಲಯಗಳಿಗೆ ಯಾರು ಬರಬೇಕೆಂದು ಹಿರಿಯ ನ್ಯಾಯಾಧೀಶರೇ ಕೂತು ಹೆಸರು ಸೂಚಿಸುತ್ತಾರೆ. ಆ ಪದ್ಧತಿಯ ಬಗ್ಗೆ ನನಗೂ ಒಂದು ಅಭಿಪ್ರಾಯವಿದೆ. ಆದರೆ ನನ್ನ ವಿದ್ಯಾರ್ಥಿಗಳಲ್ಲಿ ಯಾರು ಮುಂದೆ ಏನಾಗುತ್ತಾರೋ ಗೊತ್ತಿಲ್ಲ. ಅದು ನನ್ನಲ್ಲೇ ಇರಲಿ.

ಕೊನೆಗೆ ನನ್ನಪ್ಪನ ಹೆಸರು ಬಂತು. ಅವನು ದೊಡ್ಡಪ್ಪ, ಚಿಕ್ಕಪ್ಪನ ನಡುವಿನವನು, ಹರಿಹರದಲ್ಲಿ ಮನೆ ಮಾಡಿಕೊಂಡಿದ್ದಾನೆ. "ನಾಳೆ ನಾನು ಇಬ್ರ ಮನ್ಯಾಗೂ ಉಣ್ಬೇಕಲ್ಲವ್ವ" ಎಂದು ಜಾರಿಕೊಂಡು, ನನ್ನನ್ನು ಮುಂದೆ ತಳ್ಳಿದ. ಇಬ್ಬರು ಪಂಚರೂ ತಕ್ಷಣ ಒಪ್ಪಿದರು. ಕಾನೂನಿನ ಪ್ರಕಾರ ಪಕ್ಷದವರ ರಕ್ತಸಂಬಂಧಿ ಆ ಜಾಗದಲ್ಲಿ ಕೂತರೆ ಅನುಮಾನಕ್ಕೆ ಎಡೆ. ಊರಿನ ಪ್ರಕಾರ ಇಬ್ಬರಿಗೂ ಸಮಸಮ ಸಂಬಂಧಿಯಾದವಳಿಗಿಂತ ನಿಷ್ಪಕ್ಷಪಾತಿ ಎಲ್ಲಿಂದ ಸಿಗಬೇಕು?

ಅಂದು ಸಂಜೆ ದೊಡ್ಡಪ್ಪ ಫೋನ್ ಮಾಡಿದ. "ಮೊನ್ನೆ ಫೋನಿನಾಗೆ ಜಗಳದ ಬಗ್ಗೆ ನಾ ಹೇಳಿದ್ದೆಲ್ಲ ಸುಮ್ನೆ ಕೇಳಿದ್ಯಲ್ಲವ್ವ, ಆವಾಗ್ಲೆ ಗೊತ್ತಾತು, ನನ್ ಮಾತು ನಿಂಗೆ ಸರಿ ಅನಿಸೈತೆ ಅಂತ." ಹತ್ತು ನಿಮಿಷದ ಮೇಲೆ ಚಿಕ್ಕಪ್ಪ ಮಾಡಿದ. "ಮೊನ್ನೆ ನನ್ ಮಾತಿಗೆ ನೀನು ಎದುರು ಮಾತಾಡ್ಲಿಲ್ಲ ನೋಡು, ಅಲ್ಲಿಗೆ ತಿಳ್ಕಂಡೆ." ನಾನು ಇಬ್ಬರಿಗೂ "ಹ್ಞೂಂ" ಎಂದೆ. ಅದು ಕೇಳಿಸಿತು ಎನ್ನುವ ಹ್ಞೂಂ.

ಬುಧವಾರ ಬೆಳಿಗ್ಗೆ ಹಾಲಿನ ಸೊಸೈಟಿಯ ಜಗಲಿಯ ಮೇಲೆ ಸೇರಿದೆವು. ಚಹಾ ಯಾರ ಮನೆಯದು ಎಂಬ ಪ್ರಶ್ನೆ ಎದ್ದು, ಹೋಟೆಲಿನಿಂದ ತರಿಸಲಾಯಿತು. ನಾನು ತಿದ್ದಿಟ್ಟುಕೊಂಡಿದ್ದ ವಾಕ್ಯವೊಂದು ನಾಲಿಗೆಯ ತುದಿಯಲ್ಲಿತ್ತು. ಅಷ್ಟರಲ್ಲಿ ಮೇಷ್ಟ್ರು ಗಂಟಲು ಸರಿಮಾಡಿಕೊಂಡು, ತಮ್ಮನ್ನು ಆರಿಸಿದ ದೊಡ್ಡಪ್ಪನ ಕಡೆಗೇ ತಿರುಗಿದರು.

"ನೋಡಪ್ಪಾ, ನಿನ್ನ ಕಡೆಯವ ಅಂತ ನಾನು ನಿನ್ ಪರ ಮಾತಾಡಾಕಾಗಲ್ಲ. ಹಸಿ ಪೈರು ತುಳಿಯೋದು ತಪ್ಪು. ದಾರಿ ಇಲ್ಲ ಅಂದ್ರೆ ಇಲ್ಲ."

ದೊಡ್ಡಪ್ಪನ ಚಹಾ ಬಾಯಿಗೆ ಹೋಗದೆ ನಿಂತಿತು. ರುದ್ರಪ್ಪ ಹಿಂದೆ ಬೀಳುವವನಲ್ಲ.

"ಅದ್ಹೆಂಗ್ರಿ ಮೇಷ್ಟ್ರೆ? ಬಂದ ಬೆಳೀನ ಮನಿಗೆ ತರಬ್ಯಾಡ ಅಂತೀರೇನು? ಇವ್ನು ತಡ ಮಾಡಿದ್ದು ಇವ್ನ ತಪ್ಪು. ದಾರಿ ಬಿಡಬೇಕು. ನನ್ನ ಇವನೇ ಕರ್ದಿರಬೌದು, ನ್ಯಾಯ ನ್ಯಾಯನೇ."

ಆಗ ನನಗೆ ಯಾವ ತರಗತಿಯಲ್ಲೂ ಹೇಳಿರದ ಪಾಠವೊಂದು ಹೊಳೆಯಿತು. ಆರಿಸಿದವರ ಋಣ ತನಗಿಲ್ಲವೆಂದು ತೋರಿಸುವ ಚಪಲ ಎಂಥ ಪಕ್ಷಪಾತಕ್ಕೂ ಕಡಿಮೆಯಲ್ಲ. ಅರ್ಧ ಗಂಟೆಯಲ್ಲಿ ಮೇಷ್ಟ್ರು ಹಸಿ ಪೈರಿನ ಪರವಾಗಿ, ರುದ್ರಪ್ಪ ಮಾಗಿದ ಭತ್ತದ ಪರವಾಗಿ ಎದ್ದು ನಿಂತು ಕೂಗಾಡುತ್ತಿದ್ದರು. ರುದ್ರಪ್ಪ ಮೇಷ್ಟ್ರ ಹಳೆಯ ಬೆತ್ತವನ್ನು ನೆನಪಿಸಿದ. ಮೇಷ್ಟ್ರು ರುದ್ರಪ್ಪನ ಏಳನೇ ಕ್ಲಾಸಿನ ಅಂಕಗಳನ್ನು ಜಗಲಿಯ ಮೇಲೆ ಹರಡಿದರು.

ದೊಡ್ಡಪ್ಪ, ಚಿಕ್ಕಪ್ಪ ಮುಖ ಮುಖ ನೋಡಿಕೊಂಡರು. ವಾರದಲ್ಲಿ ಅದೇ ಮೊದಲು.

"ಏನ್ ಮಾಡಾಣ ಇವ್ರನ್ನ?" ಎಂದ ದೊಡ್ಡಪ್ಪ.

"ನೀನು ಕರ್ಕಂಡು ಬಂದಿದ್ದು ಹಂಗೈತೆ."

"ನಿಂದೇನ್ ಭಾಳ ನೆಟ್ಟಗೈತೆ?"

ಇಬ್ಬರೂ ಚಪ್ಪಲಿ ಮೆಟ್ಟಿ ಗದ್ದೆಯ ಕಡೆ ನಡೆದರು. ಬದುವಿನ ಮೇಲೆ ನಿಂತು ಚಿಕ್ಕಪ್ಪ ಯಂತ್ರದ ಅಗಲವನ್ನು ಹೆಜ್ಜೆಯಲ್ಲಿ ಅಳೆದ. ಅಷ್ಟಗಲದ ಹಸಿ ಪೈರನ್ನು ಸಂಜೆಗೆ ತಾನೇ ಕುಡುಗೋಲು ಹಿಡಿದು ಕೊಯ್ದು ದನಗಳಿಗೆ ಹಾಕುವುದು. ಅದಕ್ಕೆ ಬದಲಾಗಿ ಅಷ್ಟೇ ಜಾಗದ ಮಾಗಿದ ಭತ್ತ ದೊಡ್ಡಪ್ಪನ ಗದ್ದೆಯಿಂದ ಅವನಿಗೆ. "ಒಂದ್ ಹೆಜ್ಜೆ ಜಾಸ್ತಿ ತಗಳೋ, ನಿನ್ ಹೆಜ್ಜೆ ಸಣ್ಣವು" ಎಂದ ದೊಡ್ಡಪ್ಪ. ಚಹಾ ಆರುವಷ್ಟು ಹೊತ್ತೂ ಹಿಡಿಯಲಿಲ್ಲ.

ಮರಳಿ ಬಂದಾಗ ಮೇಷ್ಟ್ರಿಗೆ ತೀರ್ಪು ಬರಹದಲ್ಲಿ ಬೇಕಾಯಿತು. ನಾನು ಬರೆದೆ. ಇಂಥ ಕಾಗದಗಳಲ್ಲಿ ಪಂಚರ ತೀರ್ಮಾನವನ್ನು ಉಭಯ ಪಕ್ಷದವರು ಒಪ್ಪಿದ್ದಾರೆ ಎಂದಿರುತ್ತದೆ. ನಾನು, ಉಭಯ ಪಕ್ಷದವರ ತೀರ್ಮಾನವನ್ನು ಪಂಚರು ಒಪ್ಪಿದ್ದಾರೆ ಎಂದು ಬರೆದೆ. ಎಲ್ಲರೂ ಗಂಭೀರವಾಗಿ ಸಹಿ ಮಾಡಿದರು. ಯಾರೂ ಓದಲಿಲ್ಲ. ಕಾನೂನು ಪಾಠ ಹೇಳುವವಳಿಗೆ ಇದರಿಂದ ಆದ ಆನಂದವನ್ನು ಇಲ್ಲಿ ವಿವರಿಸುವುದಿಲ್ಲ.

ಗುರುವಾರ ಯಂತ್ರ ಬಂತು. ಚಿಕ್ಕಪ್ಪ ಅದರ ಮುಂದೆ ಹಿಮ್ಮುಖವಾಗಿ ನಡೆಯುತ್ತ, ಟವೆಲ್ಲು ಬೀಸುತ್ತ ದಾರಿ ತೋರಿಸಿದ. "ನಮ್ಮಣ್ಣನ ಭತ್ತ ಐತಪಾ, ನಿಧಾನಕ್ಕೆ ಹೊಡಿ, ಕಾಳು ಉದುರಿಸಬ್ಯಾಡ" ಎಂದು ಅವನು ಕೂಗುತ್ತಿದ್ದದ್ದು ರಸ್ತೆಗೂ ಕೇಳುತ್ತಿತ್ತು.

ಈಗಿನ ತೊಂದರೆ ಬೇರೆ. ಅಂದಿನಿಂದ ಮೇಷ್ಟ್ರಿಗೂ ರುದ್ರಪ್ಪನಿಗೂ ಮಾತಿಲ್ಲ. ಬೆತ್ತದ ವಿಷಯ, ಅಂಕದ ವಿಷಯ ಎರಡೂ ಇತ್ಯರ್ಥವಾಗದೆ ಉಳಿದಿವೆ. ಅವರನ್ನು ರಾಜಿ ಮಾಡಿಸಲು ಪಂಚರು ಬೇಕಂತೆ. ತನ್ನ ಪರ ಅಷ್ಟು ವಾದಿಸಿದ ಮೇಷ್ಟ್ರ ಕಡೆಯಿಂದ ಪಂಚನಾಗಲು ಚಿಕ್ಕಪ್ಪ ಒಪ್ಪಿಕೊಂಡಿದ್ದಾನೆ. ಅದೇ ಋಣದಲ್ಲಿ ರುದ್ರಪ್ಪನ ಕಡೆಯಿಂದ ದೊಡ್ಡಪ್ಪ. ಮೂರನೆಯವರನ್ನು ಆರಿಸಲು ಇಬ್ಬರೂ ಭಾನುವಾರ ನಮ್ಮ ಮನೆಗೆ ಬರುತ್ತಿದ್ದಾರೆ, ಒಂದೇ ಬೈಕಿನಲ್ಲಿ.