ತಲೆಯ ಸಿಂಬೆ ಗದ್ದದ ಕೆಳಗೆ

ಹುಣಸೂರು–ಪಿರಿಯಾಪಟ್ಟಣ ರಸ್ತೆ ಬದಿಯ ಹೊಗೆಸೊಪ್ಪಿನ ಶೆಡ್ಡಿನಲ್ಲಿ ಇನ್ನೂ ಬೆಳಕು ಸರಿಯಾಗಿ ಹರಿದಿಲ್ಲ. ನೆಲದ ಮೇಲೆ ಸುಣ್ಣದಲ್ಲಿ ಎಳೆದ ಚೌಕದೊಳಗೆ ಇಬ್ಬರು ಹುಡುಗಿಯರು ಗ್ಲೌಸ್ ತೊಟ್ಟು ಎದುರುಬದುರು ನಿಂತಿದ್ದಾರೆ. ಬಾಗಿಲಲ್ಲಿ ಹುಲ್ಲಿನ ಹೊರೆ ಇಳಿಸಿ ಭಾಗ್ಯಮ್ಮ ನಿಂತಿದ್ದಾರೆ. ಹೋದ ವಾರ ಇದೇ ಚೌಕದಲ್ಲಿ ಅವರ ಮಗಳು ಐಶ್ವರ್ಯಳ ಮೂಗಿನಿಂದ ರಕ್ತ ಸುರಿದಿತ್ತು.

"ಇವತ್ತೂ ರಕ್ತ ಕಂಡ್ರೆ ಕೈ ಹಿಡ್ದು ಕರ್ಕೊಂಡೋಯ್ತೀನಿ ಮೇಡಂ. ನಾಳೆಯಿಂದ ಕಳ್ಸಾಕಿಲ್ಲ," ಎಂದು ಮೊದಲೇ ಹೇಳಿಬಿಟ್ಟಿದ್ದಾರೆ.

ಮೇಡಂ ಎಂದರೆ ಮಂಗಳಗೌರಿ, ಹುಡುಗಿಯರ ಬಾಯಲ್ಲಿ ಗೌರಕ್ಕ. ಹಂಗಾಮಿನಲ್ಲಿ ಇದೇ ಶೆಡ್ಡಿನಲ್ಲಿ ಕೂತು ಸೊಪ್ಪು ಗ್ರೇಡಿಂಗ್ ಮಾಡುವ ಕೂಲಿಯಾಳು. ಕೂಲಿ ಹೊತ್ತಿಗೆ ಮುಂಚೆ ಸುತ್ತಲಿನ ಹಳ್ಳಿಗಳ ಹನ್ನೊಂದು ಹುಡುಗಿಯರಿಗೆ ಬಾಕ್ಸಿಂಗ್ ಹೇಳಿಕೊಡುತ್ತಾರೆ. ಅವರ ಬಗ್ಗೆ ಬರೆಯಲೆಂದು ಬಂದ ನಾನು ಎಡಗಡೆ ನಿಂತು ಎರಡು ಸಲ ಕರೆದೆ. ತಿರುಗಲಿಲ್ಲ. ಬಿಂಕ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಆ ಕಿವಿ ಕೇಳುವುದೇ ಇಲ್ಲ.

ಸ್ಪಾರಿಂಗ್ ಎಂದರೆ ಜೊತೆಗಾರರ ನಡುವಿನ ಅಭ್ಯಾಸದ ಪಂದ್ಯ. ಗೌರಕ್ಕ ಕಲಿಯುವಾಗ ಅದು ಅಭ್ಯಾಸವಾಗಿರಲಿಲ್ಲ. "ಸೇರಿದ್ ಮೊದಲ್ನೇ ವಾರಕ್ಕೇ ನನ್ಗಿಂತ ದಪ್ಪಗಿದ್ದೋಳ ಮುಂದೆ ನಿಲ್ಸುದ್ರು. ತಡ್ಕೊಂಡ್ರೆ ಬಾಕ್ಸರ್ರು, ಇಲ್ಲಾಂದ್ರೆ ಮನೇಗೋಗು ಅಂದ್ರು. ತಡ್ಕಂಡೆ. ಕಿವಿ ಹೋಯ್ತು." ಪೊಲೀಸ್ ಕೆಲಸದ ಆಸೆ ವೈದ್ಯಕೀಯ ಪರೀಕ್ಷೆಯಲ್ಲೇ ಮುಗಿಯಿತು. ಕೇಳುತ್ತಿದ್ದ ನನಗೆ ಮೈ ಉರಿಯಿತು. ಹೇಳುವವರ ದನಿ ಮಾತ್ರ ಏರಲಿಲ್ಲ.

ಅದಕ್ಕೇ ಇಲ್ಲಿ ಹೊಸಬರಿಗೆ ಒಂದೇ ಕಟ್ಟಳೆ: "ಮುಟ್ಟಿ ಬಾ, ಹೊಡೀಬ್ಯಾಡ." ಚಾಚಿದ ಕೈ ತಕ್ಷಣ ಕೆನ್ನೆಗೆ ವಾಪಸ್ಸು ಬರಬೇಕು. ಗೌರಕ್ಕ ಬಲಗಿವಿಯನ್ನು ಚೌಕಕ್ಕೆ ಕೊಟ್ಟು ನಿಲ್ಲುತ್ತಾರೆ. ಗ್ಲೌಸಿನ ಸದ್ದು ತುಸು ಜೋರಾದರೂ ಆಟ ನಿಲ್ಲುತ್ತದೆ.

ಐಶ್ವರ್ಯಳ ಕಾಲು ಚುರುಕು, ಕೈಯೂ ಚುರುಕು. ಗದ್ದವೊಂದೇ ಮೇಲೆ. "ಗದ್ದ ಇಳ್ಸೇ!" ಎಂದಾಗ ಇಳಿಯುತ್ತದೆ, ಮರುಗಳಿಗೆಗೆ ಮತ್ತೆ ಏರುತ್ತದೆ. ಎದುರಿಗಿರುವ ಹಳಬಳು ಕಾವ್ಯಶ್ರೀ ಮೆಲ್ಲಗೇ ಕೈ ಚಾಚುತ್ತಾಳೆ. ಗ್ಲೌಸು ನೇರ ಮೂಗನ್ನು ಸವರಿ ಹೋಗುತ್ತದೆ.

ಭಾಗ್ಯಮ್ಮ ಸುಣ್ಣದ ಗೆರೆ ದಾಟಿ ಒಳಗೇ ಬಂದುಬಿಡುತ್ತಾರೆ. ಐಶ್ವರ್ಯಳೊಬ್ಬಳು ಹೋದರೆ ಅದೇ ಊರಿನ ಉಳಿದವರನ್ನೂ ಮನೆಯವರು ಬಿಡಿಸುತ್ತಾರೆಂದು ಹುಡುಗಿಯರಿಗೆಲ್ಲ ಗೊತ್ತು.

"ಹೊರೆ ಹೊತ್ತೋಳಂಗೆ ಯಾಕೇ ಕತ್ತು ನೆಟ್ಟಗೆ ಮಡಿಕ್ಕಂಡಿದ್ದೀಯೆ?" ಎಂದು ತಾಯಿ ಗದರುತ್ತಾರೆ.

"ನೀನೇ ಹೇಳ್ಕೊಟ್ಟಿದ್ದು ಕಣವ್ವ, ಗದ್ದ ಇಳುದ್ರೆ ಹೊರೆ ಬೀಳ್ತದೆ ಅಂತ!"

ಗೌರಕ್ಕ ಭಾಗ್ಯಮ್ಮನ ತಲೆಯನ್ನೇ ನೋಡುತ್ತಿದ್ದಾರೆ. ಹೊರೆ ಕೂರಿಸಲು ಹಳೇ ಸೀರೆಯಿಂದ ಸುತ್ತಿದ ಸಿಂಬೆ ಇನ್ನೂ ಅಲ್ಲೇ ಇದೆ. "ಭಾಗ್ಯಕ್ಕ, ಅದ್ನ ಕೊಡಿ ಇಲ್ಲಿ," ಎಂದು ತೆಗೆದುಕೊಂಡು ಐಶ್ವರ್ಯಳ ಗದ್ದಕ್ಕೂ ಎದೆಗೂ ನಡುವೆ ಸಿಕ್ಕಿಸುತ್ತಾರೆ. "ಇದೇ ನಿನ್ ಹೊರೆ ಅಂದ್ಕೊ. ಬೀಳಿಸ್ಬ್ಯಾಡ, ಅಷ್ಟೇ."

ಆಟ ಮತ್ತೆ ಶುರು. ಭಾಗ್ಯಮ್ಮ ಗೆರೆಯ ಅಂಚಿನಲ್ಲೇ ನಿಂತಿದ್ದಾರೆ, ಸೆರಗು ಮುಷ್ಟಿಯಲ್ಲಿದೆ. ಕಾವ್ಯಶ್ರೀಯ ಗ್ಲೌಸು ಬರುತ್ತದೆ. ಈ ಸಲ ಹಣೆಯ ಹೆಡ್‌ಗಾರ್ಡಿಗೆ ತಗಲಿ ಜಾರುತ್ತದೆ. ಸಿಂಬೆ ಅಲುಗುತ್ತದೆ, ಬೀಳುವುದಿಲ್ಲ. ಚಿಕ್ಕಂದಿನಿಂದ ಹೊರೆ ಬೀಳಿಸದೆ ಬೆಳೆದ ಹುಡುಗಿ. ಐಶ್ವರ್ಯ ಎಡಗೈ ಚಾಚಿ ಕಾವ್ಯಶ್ರೀಯ ಹಣೆ ಮುಟ್ಟಿ, ಕೈಯನ್ನು ಕೆನ್ನೆಗೆ ತರುತ್ತಾಳೆ.

"ಸಾಕು," ಎನ್ನುತ್ತಾರೆ ಗೌರಕ್ಕ.

ಭಾಗ್ಯಮ್ಮ ಮಗಳ ಮೂಗಿನ ಕೆಳಗೆ ಹೆಬ್ಬೆಟ್ಟಿನಿಂದ ಒರೆಸಿ ನೋಡುತ್ತಾರೆ. ಬರೀ ಬೆವರು. ಸೆರಗನ್ನೇ ಸುತ್ತಿ ತಲೆಗಿಟ್ಟುಕೊಂಡು ಹೊರೆ ಎತ್ತಿಸಿಕೊಳ್ಳುತ್ತಾರೆ. ಮಗಳು ಸಿಂಬೆ ಚಾಚಿದರೆ, "ಇಲ್ಲೇ ಮಡಗು ನಾಳೀಕೆ. ನಾನು ಬ್ಯಾರೆ ಸುತ್ಕೋತೀನಿ," ಎಂದು ಹೊರಡುತ್ತಾರೆ.

ಈ ಸಲ ಬಲಗಡೆ ನಿಂತು ಕೇಳಿದೆ: ನಿಮ್ಮ ಹುಡುಗಿಯರಿಗೆ ಪದಕ ಬರಲಿ ಅಂತ ಆಸೆಯಿಲ್ಲವೇ?

ಗೌರಕ್ಕ ಗ್ಲೌಸುಗಳ ಬೆವರು ಒರೆಸುತ್ತಲೇ ಹೇಳಿದರು: "ಬಂದ್ರೆ ಬರ್ಲಿ ಬುಡಿ. ನನ್ ಮಕ್ಳು ಯಾವ ಕಡೆಯಿಂದ ಕೂಗುದ್ರೂ ತಿರುಗಿ ನೋಡ್ಬೇಕು ಕಣ್ರೀ."