ಹತ್ತಿಗೂಡೂರು ದಾಟಿದ ಮೇಲಿನ ಬಿಸಿಗಾಳಿ

ಆ ಮಧ್ಯಾಹ್ನ ಶಹಾಪುರದ ಗ್ಯಾರೇಜಿನ ಬೇವಿನ ಮರದ ಕೆಳಗೆ ಇದ್ದವರು ಇಷ್ಟೇ ಮಂದಿ: ನಾನು, ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಒರಗಿದ್ದ ನನ್ನಕ್ಕ, ಏಸಿ ರಿಪೇರಿ ಮಾಡುವ ಮಿಸ್ತ್ರಿ, ಮತ್ತೆ ಪಕ್ಕದ ಬೀಜದ ಅಂಗಡಿಯ ಸಾಹುಕಾರ. ಸಾಹುಕಾರನಿಗೆ ಅಲ್ಲಿ ಕೆಲಸವೇನೂ ಇರಲಿಲ್ಲ. ಬೇಸಿಗೆಯಲ್ಲಿ ಬೀಜ ಕೇಳುವವರಿಲ್ಲವಲ್ಲ, ಹಾಗಾಗಿ ಕುರ್ಚಿ ಎಳೆದುಕೊಂಡು ಬಂದು, ಗ್ಯಾರೇಜಿಗೆ ಬಂದ ಗಾಡಿಗಳ ರೋಗ ಹೇಳುತ್ತ ಕೂತಿರುತ್ತಿದ್ದ.

ಮಿಸ್ತ್ರಿ ಕಿಟಕಿಯೊಳಗೆ ಕೈ ಹಾಕಿ ಚಾವಿ ತಿರುವಲು ಹೋದ. ನಾನು ಅವನ ಮಣಿಕಟ್ಟು ಹಿಡಿದೆ.

"ಬಂದ್ ಮಾಡ್ಬ್ಯಾಡ."

"ಇಂಜಿನ್ ಕಾದದ್ರಿ ಮಾಸ್ತರ್ರ. ಆರ್ಲಿ. ಚಾ ತರಸ್ತೀನಿ, ಕುಡೀರಿ. ಆಮ್ಯಾಗ ಗ್ಯಾಸ್ ನೋಡೂಣು."

"ಗ್ಯಾಸ್ ಹೋದ ಸಲಾನೂ ನೋಡಿದಿ, ಅದರ ಹಿಂದಿನ ಸಲಾನೂ ನೋಡಿದಿ. ತುಂಬಿದ ಗ್ಯಾಸ್ ಎಲ್ಲಿಗಿ ಹೋಗ್ತದ? ತವರಮನಿಗಿ ಹೋಗ್ತದೇನು?"

ಸಾಹುಕಾರ ನಕ್ಕ. ನನಗೆ ನಗು ಬರಲಿಲ್ಲ. ಬೆಳಗಿನಿಂದ ನನ್ನ ಎದೆಯಲ್ಲಿ ಒಂದೇ ಸಮ ಏನೋ ಕುದಿಯುತ್ತಿತ್ತು, ಆ ಇಂಜಿನ್ನಿಗಿಂತ ಹೆಚ್ಚು.

ಅದಕ್ಕೆ ಕಾರಣ ಹಿಂದಿನ ಸೀಟಿನಲ್ಲಿತ್ತು. ಅಕ್ಕನ ಎರಡೂ ಮೂತ್ರಪಿಂಡ ಕೈಕೊಟ್ಟಿವೆ. ಯುಗಾದಿ ಮುಗಿದಾಗಿನಿಂದ ವಾರಕ್ಕೆರಡು ಸಲ ಯಾದಗಿರಿ ಆಸ್ಪತ್ರೆಗೆ ಹೋಗಿ, ರಕ್ತ ಸೋಸುವ ಯಂತ್ರದ ಪಕ್ಕ ಮಲಗಿ ಬರಬೇಕು. ನಮ್ಮ ಮನೆ ಸುರಪುರದಲ್ಲಿ. ಹೋಗುವಾಗ ನಸುಕು, ಅಷ್ಟೇನೂ ತೊಂದರೆಯಿಲ್ಲ. ಬರುವಾಗ ನಡುಮಧ್ಯಾಹ್ನ. ಯಂತ್ರದಿಂದ ಎದ್ದವಳ ಮೈಯಲ್ಲಿ ಒಂದು ಹಿಡಿ ಶಕ್ತಿ ಇರುವುದಿಲ್ಲ. ಮೇಲಿಂದ ಈ ನಮ್ಮ ವೈಶಾಖದ ಬಿಸಿಲು. ಬಾಯಾರಿದರೆ ನೀರು ಕುಡಿಯಬಹುದಲ್ಲ ಎನ್ನುತ್ತೀರಿ. ಕುಡಿಯುವಂತಿಲ್ಲ. ಕುಡಿದ ನೀರು ಹೊರಗೆ ಹೋಗಲು ದಾರಿ ಇಲ್ಲದ ದೇಹ ಅದು. ಇಡೀ ದಿನಕ್ಕೆ ಒಂದು ಸಣ್ಣ ಬಾಟಲಿ, ಅಷ್ಟೇ. ಭೀಮಾ ನದಿಯ ಸೇತುವೆ ದಾಟುವಾಗ ಅಕ್ಕ ಮುಖ ಆಚೆ ತಿರುಗಿಸಿ ಕೂರುತ್ತಿದ್ದಳು, ನೀರು ಕಣ್ಣಿಗೆ ಬೀಳಬಾರದೆಂದು. ಅದನ್ನು ಕನ್ನಡಿಯಲ್ಲಿ ನೋಡಿದಾಗೆಲ್ಲ ನನಗೆ ಯಾರನ್ನಾದರೂ ಹಿಡಿದು ಬಡಿಯಬೇಕೆನಿಸುತ್ತಿತ್ತು. ಬಡಿಯಲು ಯಾರೂ ಇರುತ್ತಿರಲಿಲ್ಲ.

ಹೀಗಿರುವಾಗ ಕಾರಿನ ಏಸಿ ಬೆಂಕಿ ಉಗುಳತೊಡಗಿತು. ಕಿಟಕಿ ತೆರೆದರೆ ಹೊಲದ ಝಳ, ಮುಚ್ಚಿದರೆ ಒಲೆಯ ಬಾಯಿ. ಕಂಡವರೆಲ್ಲ ಒಂದೇ ಮಾತು ಹೇಳಿದರು: ಗ್ಯಾಸ್ ಹೋಗ್ಯಾದ. ಈ ಮಿಸ್ತ್ರಿಯೂ ಅದನ್ನೇ ಹೇಳಿದ. ಗಾಡಿ ನಿಲ್ಲಿಸಿ, ಚಾ ಕುಡಿಸಿ, ಇಂಜಿನ್ ಆರಿದ ಮೇಲೆ ಯಂತ್ರ ಹಚ್ಚಿ ಒಳಗಿನ ಗಾಳಿಯನ್ನೆಲ್ಲ ಎಳೆದು, ಗ್ಯಾಸ್ ತುಂಬಿ, ಇಂಜಿನ್ ಚಾಲೂ ಮಾಡಿ, "ಕೈ ಇಟ್ಟು ನೋಡ್ರಿ, ಕಾಶ್ಮೀರ" ಅನ್ನುತ್ತಿದ್ದ. ಕೈ ಇಟ್ಟರೆ ನಿಜವಾಗಿಯೂ ತಣ್ಣಗೆ. ಖುಷಿಯಿಂದ ಹೊರಟರೆ ಊರು ಮುಟ್ಟುವುದರೊಳಗೆ ಮತ್ತೆ ಅದೇ ಬಿಸಿ. ತಿರುಗಿ ಬಂದು ಹೇಳಿದರೆ ನನ್ನ ಮುಖವನ್ನು ಅನುಮಾನದಿಂದ ನೋಡುತ್ತಿದ್ದ. ತಾನು ಕೊಟ್ಟ ತಂಪನ್ನು ನಾನು ದಾರಿಯಲ್ಲಿ ಎಲ್ಲೋ ಮಾರಿಕೊಂಡು ಬಂದವನ ಹಾಗೆ.

ಹಿಂದಿನ ಸರದಿ ಮುಗಿಸಿ ಮನೆಗೆ ಬಂದ ದಿನ ಅಕ್ಕ ಕಟ್ಟೆಯ ಮೇಲೆ ಕೂತು, ಸೆರಗಿನಿಂದ ಕೊರಳು ಒರೆಸಿಕೊಳ್ಳುತ್ತ, ಪಲ್ಯಕ್ಕೆ ಉಪ್ಪು ಕಡಿಮೆ ಎನ್ನುವಷ್ಟು ಸಲೀಸಾಗಿ ಹೇಳಿಬಿಟ್ಟಳು:

"ತಮ್ಮಾ, ಇನ್ನೊಂದೇ ಸಲ ಬರ್ತೀನಿ. ಆಮ್ಯಾಗ ನಾ ಬರಂಗಿಲ್ಲ."

"ಬರ್ದಿದ್ರ ಏನಾಗ್ತದ ಗೊತ್ತದ ಇಲ್ಲ?"

"ಗೊತ್ತದ. ದಾರ್‍ಯಾಗ ಸುಟಗೊಂಡು ಸಾಯಾದಕಿಂತ ಮನ್ಯಾಗ ನೆರಳಾಗ ಸಾಯಾದು ಛೊಲೊ."

ನಾನು ಕೂಗಾಡಿದೆ. ಅಕ್ಕನ ಮುಂದೆ ದನಿ ಎತ್ತಿ ಅಭ್ಯಾಸವಿಲ್ಲ ನನಗೆ. ಅವ್ವ ಹೊಲಕ್ಕೆ ಹೋದರೆ ನನ್ನನ್ನು ಸೊಂಟದ ಮೇಲೆ ಹೊತ್ತು ತಿರುಗಿದವಳು, ಮಾತು ಕಲಿಸಿದವಳು, ಬೈಗಳವನ್ನೂ ಕಲಿಸಿದವಳು. ಅವಳು ಕಲಿಸಿದ್ದನ್ನೆಲ್ಲ ಅವತ್ತು ಅವಳಿಗೇ ವಾಪಸು ಕೊಟ್ಟೆ. ಅವಳು ಪೂರಾ ಕೇಳಿ, "ಇನ್ನೊಂದೆರಡು ಮರ್ತಿ" ಎಂದು ಎದ್ದು ಒಳಗೆ ಹೋದಳು.

ಅಂದರೆ ಇವತ್ತಿನದು ಆ 'ಇನ್ನೊಂದೇ ಸಲ.' ಈ ಗಾಡಿ ಇವತ್ತು ತಣ್ಣಗಾಗದಿದ್ದರೆ ಅಕ್ಕ ಮುಂದಿನ ಸರದಿಗೆ ಮನೆಯ ಹೊಸ್ತಿಲು ದಾಟುವುದಿಲ್ಲ. ಹಟದಲ್ಲಿ ಅವಳು ನನಗಿಂತ ಹಿರಿಯಳು.

ಆದರೆ ಇವತ್ತೇ ನಸುಕಿನಲ್ಲಿ ಆಸ್ಪತ್ರೆಗೆ ಹೋಗುವಾಗ ಅವಳೇ ಒಂದು ಮಾತು ಹೇಳಿದ್ದಳು. ಸುರಪುರದ ಗುಡ್ಡ ಇಳಿದು ಬಂದಿದ್ದೆವು. ಏಸಿಯ ಗಾಳಿ ತಣ್ಣಗಿತ್ತು. ಹತ್ತಿಗೂಡೂರು ಕ್ರಾಸ್ ಹಿಂದೆ ಬಿತ್ತು, ಗಾಳಿ ಬೆಚ್ಚಗಾಯಿತು.

"ನೋಡು, ಇಲ್ಲೇ. ಹತ್ತಿಗೂಡೂರು ದಾಟ್ತು, ಬಿಸಿ ಬಂತು. ದಿನಾ ಇಲ್ಲೇ."

"ಹೊತ್ತು ಏರ್ತದಲ್ಲಕ್ಕಾ, ಅದಕ್ಕ."

"ಯಾವ ಹೊತ್ತೋ? ಸೂರ್ಯ ಇನ್ನಾ ಹೊದಿಕಿ ಒಳಗ ಅದಾನ. ಮೊನ್ನಿ ಮೋಡ ಆಗಿತ್ತಲ್ಲ, ಅವತ್ತೂ ಇಲ್ಲೇ ಬಂತು."

ನನ್ನ ಕಣ್ಣು ಮುಂದಿದ್ದ ಮುಳ್ಳಿನ ಮೇಲೆ ಬಿತ್ತು. ಇಂಜಿನ್ನಿನ ಕಾವು ತೋರಿಸುವ ಮುಳ್ಳು. ಕೆಳಗೆ ಮಲಗಿದ್ದದ್ದು ಆಗಷ್ಟೇ ಎದ್ದು ನಡುವಿಗೆ ಬಂದಿತ್ತು. ಅಂದರೆ ಬಿಸಿಲಿಗೂ ಇದಕ್ಕೂ ಸಂಬಂಧವಿಲ್ಲ. ಇಂಜಿನ್ ಕಾದ ಕೂಡಲೇ ಗಾಳಿ ಕಾಯುತ್ತದೆ. ಗ್ಯಾರೇಜಿನಲ್ಲಿ ಪ್ರತಿ ಸಲ ಇಂಜಿನ್ ಆರಿಸಿಯೇ ನೋಡಿದ್ದರಿಂದ ಪ್ರತಿ ಸಲ ಕಾಶ್ಮೀರ ಕಂಡಿತ್ತು. ನಮ್ಮ ಮಿಸ್ತ್ರಿಯ ಚಹದ ಮರ್ಯಾದೆಯೇ ರೋಗವನ್ನು ಬಚ್ಚಿಟ್ಟಿತ್ತು. ಗಿರಾಕಿ ಬಂದರೆ ಮೊದಲು ಕೂರಿಸಬೇಕು, ಚಾ ಕುಡಿಸಬೇಕು, ಆಮೇಲೆ ಗಾಡಿ. ಅದು ಈ ಕಡೆಯ ರೂಢಿ. ಅಂಥ ಒಳ್ಳೆಯ ರೂಢಿಯ ಮೇಲೂ ನನಗೆ ಅವತ್ತು ಸಿಟ್ಟು ಬಂದಿತ್ತು.

ಹಾಗಾಗಿ ಯಾದಗಿರಿಯಿಂದ ಬರುವಾಗ ಇಂಜಿನ್ ಒಂದು ಗಳಿಗೆಯೂ ಆರಿಸದೆ ನೇರ ಗ್ಯಾರೇಜಿಗೆ ತಂದು ನಿಲ್ಲಿಸಿದ್ದೆ.

"ಮುಂದಿನ ಬಾನೆಟ್ ಎತ್ತು," ಎಂದೆ. "ಏಸಿ ತಂಪು ಒಳಗ ಹೋಗೋ ಪೈಪ್ ಯಾವುದು, ಅದರ ಮ್ಯಾಲ ಕೈ ಇಡು."

"ಅದೇನ್ ನೋಡಾದದ್ರಿ? ಗ್ಯಾಸ್ ಕಮ್ಮಿ ಆದ್ರ—"

"ಇಡು ಅಂದ್ನೆಲ್ಲ."

"ಕಂಪ್ರೆಸರ್ ಹೋಗಿರ್ತದ," ಎಂದ ಸಾಹುಕಾರ ಕುರ್ಚಿಯಿಂದ. "ನಮ್ಮ ಅಳಿಯಾಂದೂ ಹಿಂಗೇ ಆಗಿತ್ತು."

"ಸಾಹುಕಾರ್ರ, ನಿಮ್ಮ ಅಳಿಯಾನ ಗಾಡ್ಯಾಗ ಏಸೀನೇ ಇಲ್ಲ," ಎಂದ ಮಿಸ್ತ್ರಿ.

ಮಿಸ್ತ್ರಿ ಪೈಪಿನ ಮೇಲೆ ಕೈ ಇಟ್ಟ. ಇಟ್ಟ ಕೈ ತೆಗೆಯಲಿಲ್ಲ. ದಪ್ಪ ಪೈಪಿನ ಮೈಮೇಲೆಲ್ಲ ನೀರಿನ ಹನಿ, ಬೇಸಿಗೆಯ ಹೊಸ ಮಣ್ಣಿನ ಬಿಂದಿಗೆಯ ಹಾಗೆ. ಕಾರಿನೊಳಗೆ ಬಂದು ಗಾಳಿ ಬರುವ ಜಾಗಕ್ಕೆ ಕೈ ಒಡ್ಡಿದ. ಬೆಂಕಿ. ಮತ್ತೆ ಹೊರಗೆ ಹೋದ, ಪೈಪು ಮುಟ್ಟಿದ. ಅವನ ಮುಖ ಬದಲಾಯಿತು. ನಾನು ಬಿಡಲಿಲ್ಲ.

"ಗ್ಯಾಸ್ ಇಲ್ಲಂದ್ರ ಪೈಪ್ ಹೆಂಗ ಬೆವರ್ತದ? ತಂಪು ತಯಾರ ಆಗ್ಲಾಕತ್ತದ. ಒಳಗ ಬರೋ ಹೊತ್ತಿಗಿ ಯಾರೋ ಅದಕ್ಕ ಬಿಸಿ ಕಲಸ್ಲಾಕತ್ತಾರ. ಅಲ್ಲಿ ಮಲಗ್ಯಾಳಲ್ಲ, ಆಕಿ ಗುಟುಕು ನೀರಿಗಿ ಲೆಕ್ಕ ಇಟ್ಟು ಬದುಕ್ಲಾಕತ್ತಾಳ. ನೀ ಒಂದ್ ಸಲ, ಬರೇ ಒಂದ್ ಸಲ, ಪೈಪ್ ಮುಟ್ಟಿ ನೋಡಬಾರ್ದಿತ್ತಾ?"

ಮಿಸ್ತ್ರಿ ತಲೆ ಎತ್ತಲಿಲ್ಲ. "ಸಿಟ್ಟು ಮಾಡ್ಕೋಬ್ಯಾಡ್ರಿ. ಹೀಟರಿನ ಪರದಾ ಸಿಕ್ಕೊಂಡಿರಬೇಕು. ಈ ಊರಾಗ ಹೀಟರ್ ಯಾರ್ ಹಚ್ತಾರ್ರಿ? ನಮಗ ಆ ಖ್ಯಾಲೇ ಬರಂಗಿಲ್ಲ."

ಅದು ನಿಜ. ತಂಪು ಗಾಳಿ, ಇಂಜಿನ್ನಿನ ಬಿಸಿನೀರಿನಿಂದ ಬರುವ ಬಿಸಿ ಗಾಳಿ, ಎರಡರ ನಡುವೆ ಬಾಗಿಲಿನಂಥ ಒಂದು ಹಲಗೆ ಇರುತ್ತದಂತೆ, ಅದೇ ಪರದಾ. ಮುಂದಿನ ಗುಂಡಿಯನ್ನು ನೀಲಿಗೆ ತಿರುಗಿಸಿದರೆ ಬಿಸಿಯ ದಾರಿ ಮುಚ್ಚಬೇಕು, ಕೆಂಪಿಗೆ ತಿರುಗಿಸಿದರೆ ತೆರೆಯಬೇಕು. ನಮ್ಮ ಕಡೆ ಆ ಗುಂಡಿ ಕಾರು ಕೊಂಡ ದಿನ ನೀಲಿಯಲ್ಲಿ ಕೂತರೆ ಗುಜರಿಗೆ ಹೋಗುವ ತನಕ ಅಲ್ಲೇ ಕೂತಿರುತ್ತದೆ. ಮಿಸ್ತ್ರಿ ಅದನ್ನು ತಿರುಗಿಸಿ ನೋಡಿದ. ನೀಲಿಯ ಹತ್ತಿರ ಹೋಗಿ, ಸ್ಪ್ರಿಂಗಿನ ಹಾಗೆ ಒಂದಿಷ್ಟು ಹಿಂದೆ ಬಂತು.

"ಯಾವಾಗರೆ ಹೀಟರ್ ಹಚ್ಚಿದ್ರೇನ್ರಿ?"

ನಾನು ಇಲ್ಲ ಎನ್ನುವಷ್ಟರಲ್ಲಿ ಅಕ್ಕ ಹಿಂದಿನಿಂದ ಹೇಳಿದಳು, "ಹಚ್ಚಿದ್ವಿ. ಬಾಣಂತಿ ತರುವಾಗ."

ಚಳಿಗಾಲದಲ್ಲಿ ಅಕ್ಕನ ಮಗಳು ಯಾದಗಿರಿಯಲ್ಲಿ ಹೆತ್ತಿದ್ದಳು. ಆಗ ಅಕ್ಕ ಇನ್ನೂ ಗಟ್ಟಿಮುಟ್ಟು. ಬಾಣಂತಿ, ಕೂಸು ಇಬ್ಬರನ್ನೂ ಇದೇ ಕಾರಿನಲ್ಲಿ ಮನೆಗೆ ತಂದೆವು. ಮಗಳ ಕಿವಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಕಿಟಕಿ ಎಲ್ಲ ಮುಚ್ಚಿಸಿ, "ಬಿಸಿಗಾಳಿ ಬರ್ತದಂತಲ್ಲ, ಹಚ್ಚದನ್ನ" ಎಂದು ಆಜ್ಞೆ ಮಾಡಿದವಳು ಅಕ್ಕ. ದಾರಿಯುದ್ದಕ್ಕೂ ನಾನು ಬೆವರಿನಲ್ಲಿ ತೊಯ್ದಿದ್ದೆ. ಕೂಸಿಗೆ ಶೀತ ಆಗಬಾರದೆಂದು ಅಜವಾನ, ಅಂದರೆ ಓಮದ ಕಾಳು, ಮತ್ತು ಬೆಳ್ಳುಳ್ಳಿ ಹುರಿದು ಕಟ್ಟಿದ ಪುಟ್ಟ ಗಂಟು ಬೇರೆ ಜೊತೆಗಿತ್ತು. ಕೂಸಿನ ತೊಟ್ಟಿಲಿಗೆ ಕಟ್ಟುವಂಥದ್ದು. ಅವ್ವನ ಹಳೆಯ ಇಳಕಲ್ಲ ಸೀರೆಯ ಅಂಚಿನ ತುಂಡಿನಲ್ಲಿ ಕಟ್ಟಿದ್ದಳು. ಮನೆಗೆ ಬಂದ ಮೇಲೆ ಆ ಗಂಟು ಸಿಗಲಿಲ್ಲ. ನಾನೇ ಎಲ್ಲೋ ಚೆಲ್ಲಿದೆ ಎಂದು ತಿಂಗಳಾನುಗಟ್ಟಲೆ ಬೈಸಿಕೊಂಡಿದ್ದೆ. ಅವ್ವನ ಸೀರೆಯಲ್ಲಿ ಉಳಿದದ್ದು ಅದೊಂದೇ ತುಂಡಾಗಿತ್ತು.

ಮಿಸ್ತ್ರಿ ಎಡಗಡೆ ಸೀಟಿನ ಮುಂದಿನ ಖಾನೆ ಬಿಚ್ಚಿ ಹೊರಗಿಟ್ಟ. ಇನ್ನೊಂದು ಮುಚ್ಚಳ ತೆಗೆದ. ತಲೆ ಕೆಳಗೆ ಮಾಡಿ ಮಲಗಿ, ಮೊಳಕೈ ತನಕ ಕೈ ಒಳಗೆ ತೂರಿಸಿದ. ನಾನು ಬ್ಯಾಟರಿ ಹಿಡಿದು ನಿಂತೆ.

"ಪರದಾ ಸಿಕ್ತು. ಪೂರಾ ಮುಚ್ಚವಲ್ದು. ಮೂಲ್ಯಾಗ ಏನೋ ಕುಂತದ. ಮೆತ್ತಗದ."

"ಇಲಿ ಇರ್ತದ," ಎಂದ ಸಾಹುಕಾರ.

"ನೀವು ಸುಮ್ಮ ಕೂಡ್ರಿ," ಎಂದೆ. ಅಷ್ಟು ಗಟ್ಟಿಯಾಗಿ ಹೇಳಿದೆನೆಂದರೆ ಅವನು ಕುರ್ಚಿ ಒಂದು ಮಾರು ಹಿಂದಕ್ಕೆ ಸರಿಸಿಕೊಂಡ.

ಮಿಸ್ತ್ರಿ ತಂತಿಯ ತುದಿ ಬಗ್ಗಿಸಿ ಕೊಕ್ಕೆ ಮಾಡಿ ಎಳೆದ. ಹೊರಗೆ ಬಂದದ್ದು ಇಲಿಯಲ್ಲ. ಧೂಳು ಹಿಡಿದು ಕಪ್ಪಾಗಿದ್ದ ಬಟ್ಟೆಯ ಗಂಟು. ಒಂದು ಮಗ್ಗುಲಲ್ಲಿ ಕೆಂಪು ಅಂಚು ಇನ್ನೂ ಕಾಣುತ್ತಿತ್ತು. ಕಾರಿನ ತುಂಬ ಅಜವಾನದ ವಾಸನೆ ಎದ್ದಿತು.

ನಮ್ಮ ಕಳೆದುಹೋದ ಗಂಟೇ ಅದು. ಮುಂದಿನ ಗಾಜಿನ ಬುಡದಲ್ಲಿ ಗಾಳಿ ಬರಲು ಉದ್ದನೆಯ ಸೀಳು ಇರುತ್ತದಲ್ಲ, ಬಿಸಿಗಾಳಿಗೆ ವಾಸನೆ ಹರಡಲಿ ಎಂದು ಅಕ್ಕ ಅವತ್ತು ಗಂಟನ್ನು ಅದರ ಮೇಲೆ ಇಟ್ಟಿದ್ದಳು. ಯಾವುದೋ ತಗ್ಗಿನಲ್ಲಿ ಗಾಡಿ ಕುಣಿದಾಗ ಅದು ಒಳಗೆ ಜಾರಿ, ಇಳಿಯುತ್ತ ಇಳಿಯುತ್ತ ಆ ಹಲಗೆಯ ಸಂದಿಗೆ ಬಂದು ಕೂತಿದೆ. ಬಿಸಿಯ ದಾರಿ ತೆರೆದಿದ್ದಾಗಲೇ ಕೂತಿದ್ದರಿಂದ ಆ ದಾರಿ ಮತ್ತೆ ಪೂರ್ತಿ ಮುಚ್ಚಲೇ ಇಲ್ಲ. ಏಸಿ ಹಚ್ಚುವ ಬೇಸಿಗೆ ಬರುವ ತನಕ ನಮಗೆ ಅದು ತಿಳಿಯುವುದಾದರೂ ಹೇಗೆ?

ನನ್ನ ಸಿಟ್ಟಿಗೆ ಈಗ ಗುರಿಯೇ ಇಲ್ಲದಂತಾಯಿತು. ಮಿಸ್ತ್ರಿಗೆ ಇನ್ನೂ ನಾಲ್ಕು ಮಾತು ಬಾಕಿಯಿದ್ದವು, ಅವನ್ನು ಬಿಟ್ಟೆ. ಅಕ್ಕನ ಕಡೆ ತಿರುಗಿದೆ. ಅಷ್ಟರಲ್ಲಿ ಅವಳೇ ಕೈ ಚಾಚಿದಳು.

"ಕೊಡಿಲ್ಲಿ. ಕಾರಿನ್ಯಾಗೇ ಚೆಲ್ಲಿದ್ದೆಲ್ಲೋ. ನಾ ಅವತ್ತೇ ಅಂದಿದ್ದಿಲ್ಲಾ?"

"ನಾ ಚೆಲ್ಲಿದ್ನಾ? ಅಕ್ಕಾ, ಅಲ್ಲಿ ಇಟ್ಟಾಕಿ ಯಾರು?"

"ಇಟ್ಟಾಕಿ ನಾ. ಗಾಡಿ ಕುಣಿಸಿದಾಂವ ನೀ."

ಮಿಸ್ತ್ರಿ ಮುಖ ಆಚೆ ತಿರುಗಿಸಿಕೊಂಡ. ಅವನ ಹೆಗಲು ಅಲುಗುತ್ತಿತ್ತು. ನಾನು ನಗಲಿಲ್ಲ. ಅವಳು ಸುಟ್ಟುಕೊಂಡು ಬಂದ ದಾರಿ, ಬರುವುದಿಲ್ಲ ಎಂದ ಮಾತು, ಒಂದು ಹಿಡಿ ಅಜವಾನದಿಂದ ಇಷ್ಟೆಲ್ಲ ಆಯಿತಲ್ಲ ಎಂದು ಹಲ್ಲು ಕಡಿಯುತ್ತಲೇ ಇದ್ದೆ. ಅಕ್ಕ ಮಾತ್ರ ಗಂಟಿನ ಧೂಳನ್ನು ಸೆರಗಿನಿಂದ ಮೆಲ್ಲಗೆ ಒರೆಸುತ್ತ, ಅಂಚಿನ ಬಣ್ಣ ಹೋಗಿದೆಯೇ ಎಂದು ಕಣ್ಣ ಹತ್ತಿರ ಹಿಡಿದು ನೋಡುತ್ತಿದ್ದಳು.

ಮಿಸ್ತ್ರಿ ಎಲ್ಲ ಮೊದಲಿನಂತೆ ಕೂರಿಸಿ ಗುಂಡಿ ತಿರುಗಿಸಿದ. ಈ ಸಲ ಪೂರ್ತಿ ನೀಲಿಗೆ ಹೋಗಿ ನಿಂತಿತು, ಹಿಂದೆ ಬರಲಿಲ್ಲ. ಗಾಳಿ ಬೆಚ್ಚಗಿನಿಂದ ಸಾದಾ ಆಯಿತು, ಸಾದಾದಿಂದ ತಂಪಾಯಿತು. ಈ ಸಲ ಅವನು ಕಾಶ್ಮೀರದ ಮಾತೆತ್ತಲಿಲ್ಲ. "ಹೋಗಿ ಬರ್ರಿ. ದಾರ್‍ಯಾಗ ಮತ್ತ ಬಿಸಿ ಬಂದ್ರ ಫೋನ್ ಹಚ್ರಿ, ನಾನೇ ಅಲ್ಲಿಗಿ ಬರ್ತೀನಿ," ಎಂದ. ನಾನು ತಲೆಯಾಡಿಸಿ ಗೇರ್ ಹಾಕಿದೆ, ಚಾ ಮಾತ್ರ ಅವತ್ತು ಕುಡಿಯಲಿಲ್ಲ.

ಭೀಮರಾಯನಗುಡಿ ದಾಟಿತು. ಹತ್ತಿಗೂಡೂರು ಕ್ರಾಸ್ ಬಂತು. ನಾನು ಸ್ಟೇರಿಂಗ್ ಬಿಗಿಯಾಗಿ ಹಿಡಿದು, ಗಾಳಿಯ ಕಡೆ ಮುಖ ಒಡ್ಡಿ ಕಾಯ್ದೆ. ತಂಪು ತಂಪಾಗಿಯೇ ಇತ್ತು. ಕನ್ನಡಿಯಲ್ಲಿ ನೋಡಿದರೆ ಅಕ್ಕ ಬಾಯಿ ತೆರೆದು ನಿದ್ದೆ ಹೋಗಿದ್ದಳು, ಗಂಟು ಮುಷ್ಟಿಯಲ್ಲಿ. ಮುಂದಿನ ಸಲ ಬರುತ್ತೀಯೋ ಇಲ್ಲವೋ ಎಂದು ಕೇಳಲಿಲ್ಲ. ಕೇಳಿದ್ದರೆ ಮತ್ತೆ ಜಗಳವಾಗುತ್ತಿತ್ತು.

ಮುಂದಿನ ಸರದಿಯ ದಿನ ನಸುಕಿನಲ್ಲಿ ನಾನು ಚಾವಿ ಹಿಡಿದು ಹೊರಗೆ ಬಂದಾಗ ಅಕ್ಕ ಆಗಲೇ ಕಾರಿನ ಬಾಗಿಲ ಹತ್ತಿರ ನಿಂತಿದ್ದಳು. ಮಗಳ ಬಾಣಂತನದ ಬಟ್ಟೆಯನ್ನು ಕಿವಿಗೆ ಬಿಗಿಯಾಗಿ ಕಟ್ಟಿಕೊಂಡಿದ್ದಳು, ಏಸಿಯ ತಂಪಿಗೆಂದು.